ಆನಂದವೋ, ಉಪಶಮವೋ? — ಒಂದು ಹೆಸರಿನ ವಿಮರ್ಶೆ

ಕಾವ್ಯವನ್ನು ವಿಮರ್ಶಿಸುವುದು, ನಾಟಕವನ್ನು ವಿಮರ್ಶಿಸುವುದು ಕನ್ನಡ ಅಧ್ಯಾಪಕನಿಗೆ ಸಲ್ಲುವ ಕೆಲಸ. ಅವನು ರಸಾಯನಶಾಸ್ತ್ರದ ಒಂದು ಹೆಸರನ್ನು ಮುಂದಿಟ್ಟುಕೊಂಡು ವಿಮರ್ಶೆಗೆ ಕುಳಿತರೆ ಅಧಿಕಪ್ರಸಂಗವಲ್ಲವೇ ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಈ ಹೆಸರು ನಮ್ಮ ಮನೆಯಿಂದ ಹೊರಟುಹೋದದ್ದು. ಪರಸ್ಥಳದಲ್ಲಿ ಅದು ಹೇಗೆ ಬಾಳುತ್ತಿದೆ, ಯಾರಿಗೆ ಏನೆಂದು ಮಾತು ಕೊಡುತ್ತಿದೆ, ಕೊಟ್ಟ ಮಾತನ್ನು ನಡೆಸಿಕೊಡುತ್ತಿದೆಯೇ ಎಂದು ವಿಚಾರಿಸುವ ಹಕ್ಕು ಮನೆಯವರಿಗೆ ಇದೆಯಷ್ಟೆ. ಅಲ್ಲದೆ ಹೆಸರೆಂಬುದು ಅತಿ ಚಿಕ್ಕದೊಂದು ಕಾವ್ಯ. ಅದರಲ್ಲಿ ಉಪಮಾನವಿರುತ್ತದೆ, ಧ್ವನಿಯಿರುತ್ತದೆ, ಕೆಲವೊಮ್ಮೆ ಅತಿಶಯೋಕ್ತಿಯೂ ಇರುತ್ತದೆ. ಪದ್ಯದ ಅತಿಶಯೋಕ್ತಿಯಿಂದ ಯಾರಿಗೂ ಕೇಡಿಲ್ಲ. ಸೀಸೆಯ ಮೇಲಿನ ಅತಿಶಯೋಕ್ತಿಯಿಂದ ಕೇಡುಂಟು.

ಹೆಸರು ‘ಆನಂದಮೈಡ್’. ೧೯೯೨ರಲ್ಲಿ ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ, ರಾಫೆಲ್ ಮೆಶೂಲಮ್ ಅವರ ಪ್ರಯೋಗಶಾಲೆಯಲ್ಲಿ, ವಿಲಿಯಂ ಡಿವೇನ್ ಮತ್ತು ಅವರ ಸಂಗಡಿಗರು ಹಂದಿಯ ಮಿದುಳಿನಿಂದ ಕೊಬ್ಬಿನ ಜಾತಿಯ ಒಂದು ಪದಾರ್ಥವನ್ನು ಬೇರ್ಪಡಿಸಿದರು. ‘ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸುವಾಗ ಸಂಸ್ಕೃತದ ‘ಆನಂದ’ ಶಬ್ದಕ್ಕೆ ರಸಾಯನಶಾಸ್ತ್ರದ ‘ಅಮೈಡ್’ ಎಂಬ ವರ್ಗನಾಮವನ್ನು ಸೇರಿಸಿ ಹೆಸರಿಟ್ಟರು. ವ್ಯಾಕರಣದ ಕಣ್ಣಿಗೆ ಇದು ತಮಾಷೆಯ ಪದ. ಸಂಸ್ಕೃತದ ಪದ್ಧತಿಯಂತೆ ಸವರ್ಣದೀರ್ಘ ಮಾಡಿದ್ದರೆ ‘ಆನಂದಾಮೈಡ್’ ಆಗಬೇಕಾಗಿತ್ತು. ಹಾಗಾಗದೆ ಪೂರ್ವಪದದ ಕೊನೆಯ ಅಕಾರ ಬಿದ್ದುಹೋಗಿ, ನಮ್ಮ ಹೈಸ್ಕೂಲು ಹುಡುಗರೂ ಗುರುತಿಸಬಲ್ಲ ಲೋಪಸಂಧಿಯಾಗಿದೆ. ಸಂಸ್ಕೃತಕ್ಕೂ ಐರೋಪ್ಯ ಭಾಷೆಗೂ ನಂಟು ಬೆಳೆಸಿದ ಈ ಸಮಾಸವನ್ನು ಕೇಶಿರಾಜ ಕಂಡಿದ್ದರೆ ಅರಿಸಮಾಸವೆಂದು ಬದಿಗೆ ಸರಿಸುತ್ತಿದ್ದನೋ ಏನೋ. ನನ್ನ ತಕರಾರಿರುವುದು ಸಂಧಿಯಲ್ಲಿ ಅಲ್ಲ, ಪೂರ್ವಪದದಲ್ಲಿ.

ಮೊದಲು ಪದಾರ್ಥದ ಪೂರ್ವೋತ್ತರವನ್ನು ಹೇಳಿಬಿಡುತ್ತೇನೆ. ಗಾಂಜಾ ಗಿಡದ ಅಮಲಿಗೆ ಮುಖ್ಯ ಕಾರಣವಾದ ಅಂಶವನ್ನು, ಅಂದರೆ ಟಿ.ಎಚ್.ಸಿ.ಯನ್ನು, ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದವರು ಇದೇ ಮೆಶೂಲಮ್ ಮತ್ತು ಯೆಹಿಯೆಲ್ ಗಾವೊನಿ, ಅದು ೧೯೬೪ರಲ್ಲಿ. ಆ ಅಂಶ ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆಂಬುದು ಬಹುಕಾಲ ತಿಳಿಯಲಿಲ್ಲ. ೧೯೮೮ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಆಲಿನ್ ಹೌಲೆಟ್ ಅವರೂ ಆಗ ಅವರ ವಿದ್ಯಾರ್ಥಿಯಾಗಿದ್ದ ಇದೇ ಡಿವೇನರೂ ಮಿದುಳಿನ ಕೋಶಗಳ ಮೇಲೆ ಅದಕ್ಕೊಂದು ‘ಗ್ರಾಹಕ’ ಇರುವುದನ್ನು ತೋರಿಸಿಕೊಟ್ಟರು. ಬೀಗವೇನೋ ಸಿಕ್ಕಿತು. ಆದರೆ ಎಲ್ಲೋ ಬೆಳೆಯುವ ಗಿಡವೊಂದರ ಕೀಲಿಗಾಗಿ ಪ್ರಕೃತಿ ನಮ್ಮ ತಲೆಯೊಳಗೆ ಬೀಗ ಮಾಡಿ ಇಟ್ಟೀತೇ? ಮನೆಯದೇ ಆದ ಕೀಲಿ ಇರಬೇಕಲ್ಲವೇ? ಹುಡುಕಿದಾಗ ಸಿಕ್ಕ ಮೊದಲನೆಯ ಕೀಲಿ ಆನಂದಮೈಡ್. ೧೯೯೫ರಲ್ಲಿ ಎರಡನೆಯದು ಸಿಕ್ಕಿತು. ಅದರ ಹೆಸರು ‘೨-ಅರಾಕಿಡೊನೈಲ್ ಗ್ಲಿಸರಾಲ್’. ಗ್ರಾಹಕಗಳು, ಈ ಕೀಲಿಗಳು, ಅವನ್ನು ತಯಾರಿಸುವ ಮತ್ತು ಒಡೆದುಹಾಕುವ ಕಿಣ್ವಗಳು — ಇಷ್ಟನ್ನೂ ಸೇರಿಸಿ ‘ಎಂಡೊಕ್ಯಾನಬಿನಾಯ್ಡ್ ವ್ಯವಸ್ಥೆ’ ಎನ್ನುತ್ತಾರೆ. ಒಳಗೇ ಹುಟ್ಟಿದ ಗಾಂಜಾದಂಥದು ಎಂದು ಆ ಮಾತಿನ ಅರ್ಥ. ಇದೂ ವಿಚಿತ್ರವಾದ ನಾಮಕರಣವೇ. ಕಳ್ಳಕೀಲಿ ಮೊದಲು ಕೈಗೆ ಸಿಕ್ಕಿತೆಂದು ಮನೆಯ ಬೀಗಕ್ಕೆ ಕಳ್ಳನ ಹೆಸರಿಟ್ಟಂತಾಯಿತು.

ಈಗ ‘ಆನಂದ’ವನ್ನು ನೋಡೋಣ. ನಮ್ಮಲ್ಲಿ ಈ ಶಬ್ದದ ತೂಕ ಸಣ್ಣದಲ್ಲ. ತೈತ್ತಿರೀಯೋಪನಿಷತ್ತಿನ ಒಂದು ವಲ್ಲಿಗೆ ಇದೇ ಹೆಸರಿದೆ. ಮನುಷ್ಯನ ಆನಂದದಿಂದ ಮೊದಲುಗೊಂಡು ನೂರು ನೂರು ಪಟ್ಟಾಗಿ ಏರುವ ಮೆಟ್ಟಿಲುಗಳ ಲೆಕ್ಕ ಅಲ್ಲಿ ಬರುತ್ತದೆ. ಆ ಆನಂದವನ್ನು ಅರಿತವನಿಗೆ ಭಯವಿಲ್ಲ ಎಂಬ ಅಭಿಪ್ರಾಯವೂ ಅಲ್ಲಿಯೇ ಇದೆ. ಮುಂದೆ ನಮ್ಮ ಆಲಂಕಾರಿಕರು ರಸಾಸ್ವಾದವನ್ನು ಬ್ರಹ್ಮಾನಂದದ ಸೋದರನೆಂದು ಕರೆದರು. ಇಷ್ಟು ದೊಡ್ಡ ಮನೆತನದ ಶಬ್ದ ಕಿವಿಗೆ ಬಿದ್ದೊಡನೆ ಕೇಳುವವನ ಮನಸ್ಸು ಮೇಲಕ್ಕೇರುತ್ತದೆ; ಇದು ಹೆಚ್ಚಿದಷ್ಟೂ ಒಳ್ಳೆಯದು ಎಂಬ ಭಾವನೆ ತಾನಾಗಿ ಮೂಡುತ್ತದೆ. ಇದೇ ಆ ಹೆಸರಿನ ಧ್ವನ್ಯರ್ಥ. ಪದಾರ್ಥದ ನಡತೆ ಈ ಧ್ವನ್ಯರ್ಥಕ್ಕೆ ಹೊಂದುವುದಿಲ್ಲ ಎಂಬುದು ನನ್ನ ವಾದ. ಭಯ ಕಳವಳಗಳ ವಿಷಯದಲ್ಲಂತೂ ಅದರ ಕೆಲಸ ಏರಿಸುವುದಲ್ಲ, ಇಳಿಸುವುದು. ಸಂತೋಷವನ್ನು ತಂದುಕೊಡುವುದಲ್ಲ, ಕಾರಣ ತೀರಿದ ಭಯ ತಾನೂ ತೀರಿಹೋಗುವಂತೆ ಮಾಡುವುದು.

ಮಿದುಳಿನಲ್ಲಿ ಸಾಮಾನ್ಯವಾದ ಕ್ರಮ ಹೀಗಿದೆ: ಒಂದು ನರಕೋಶ ರಾಸಾಯನಿಕ ಸಂದೇಶವನ್ನು ಹೊರಬಿಡುತ್ತದೆ, ಎದುರಿನ ಕೋಶ ಅದನ್ನು ಸ್ವೀಕರಿಸುತ್ತದೆ. ಈ ವ್ಯವಸ್ಥೆಯ ದಾರಿ ಹಿಂದುಮುಂದು. ೨೦೦೧ರಲ್ಲಿ ಅಮೆರಿಕ ಮತ್ತು ಜಪಾನಿನ ಮೂರು ಪ್ರಯೋಗಶಾಲೆಗಳು ಬೇರೆ ಬೇರೆಯಾಗಿ ಕಂಡುಕೊಂಡ ಸಂಗತಿಯೆಂದರೆ, ಇಲ್ಲಿ ಸ್ವೀಕರಿಸುವ ಕೋಶವೇ ಸಂದೇಶವನ್ನು ತಯಾರಿಸಿ ಕಳುಹಿಸುವ ಕೋಶಕ್ಕೆ ಹಿಂದಿರುಗಿಸುತ್ತದೆ. ಹೇಳುವವನು ದನಿ ಏರಿಸಿದಾಗ ಕೇಳುವವನು ಕೈಯೆತ್ತಿ ‘ಸಾಕು, ಮೆಲ್ಲಗೆ’ ಎನ್ನುವುದಿಲ್ಲವೇ, ಹಾಗೆ. ಈ ಸಂದೇಶದ್ರವ್ಯವನ್ನು ಮೊದಲೇ ಮಾಡಿ ಉಗ್ರಾಣದಲ್ಲಿ ತುಂಬಿಟ್ಟಿರುವುದಿಲ್ಲ. ಬೇಕಾದ ಗಳಿಗೆಯಲ್ಲಿ, ಬೇಕಾದ ಜಾಗದಲ್ಲಿ, ಕೋಶ ತನ್ನ ಹೊರಪೊರೆಯ ಕೊಬ್ಬಿನಿಂದಲೇ ಅದನ್ನು ಮಾಡಿಕೊಳ್ಳುತ್ತದೆ. ಕೆಲಸ ಮುಗಿದೊಡನೆ ಕಿಣ್ವಗಳು ಬಂದು ಅದನ್ನು ಒಡೆದುಹಾಕುತ್ತವೆ. ಮಿತ, ಸ್ಥಳೀಯ, ಕ್ಷಣಿಕ — ಈ ಮೂರು ವಿಶೇಷಣಗಳು ಅದಕ್ಕೆ ಸಲ್ಲುತ್ತವೆ. ಈ ಮೂರರಲ್ಲಿ ಯಾವೊಂದೂ ‘ಆನಂದ’ಕ್ಕೆ ನಾವು ಹಚ್ಚುವ ವಿಶೇಷಣವಲ್ಲ.

ಭಯಕ್ಕೆ ಸಂಬಂಧಪಟ್ಟ ಮಿದುಳಿನ ಭಾಗಗಳಲ್ಲಿ ಮುಖ್ಯವಾದದ್ದು ಅಮಿಗ್ಡಲ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಬಾದಾಮಿ. ಆಕಾರವನ್ನು ನೋಡಿ ಇಟ್ಟ ಹೆಸರು; ಅದರಿಂದ ಯಾರೂ ಮೋಸಹೋಗುವುದಿಲ್ಲ, ಅದನ್ನು ಕೇಳಿ ಯಾರೂ ಬಾದಾಮಿ ಹಲ್ವ ಬಯಸುವುದಿಲ್ಲ. ಎಂಡೊಕ್ಯಾನಬಿನಾಯ್ಡಿನ ಗ್ರಾಹಕಗಳು ಈ ಬಾದಾಮಿಯಲ್ಲಿಯೂ, ಅದನ್ನು ಹತೋಟಿಯಲ್ಲಿಡುವ ಹಣೆಯ ಹಿಂದಿನ ಭಾಗದಲ್ಲಿಯೂ ಇವೆ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡುಬಂದಂತೆ, ಪ್ರಾಣಿ ಒತ್ತಡಕ್ಕೆ ಸಿಕ್ಕಿದಾಗ ಅಮಿಗ್ಡಲದಲ್ಲಿ ಆನಂದಮೈಡನ್ನು ಒಡೆಯುವ ಕಿಣ್ವ ಚುರುಕಾಗುತ್ತದೆ, ಆನಂದಮೈಡ್ ಕಡಮೆಯಾಗುತ್ತದೆ, ಕಳವಳ ಹೆಚ್ಚುತ್ತದೆ. ಅಪಾಯದ ಸಮಯದಲ್ಲಿ ಇದು ಬೇಕಾದದ್ದೇ. ಕಾವಲುಗಾರ ತೂಕಡಿಸಬಾರದ ಹೊತ್ತು ಅದು. ಒತ್ತಡ ಕಳೆಯುವ ಹೊತ್ತಿಗೆ ಎರಡನೆಯ ದ್ರವ್ಯ, ಆ ಉದ್ದ ಹೆಸರಿನದು, ಹೆಚ್ಚಿ ದೇಹದ ಕೋಲಾಹಲವನ್ನು ತಣಿಸುತ್ತದೆ. ಒತ್ತಡವೇ ದಿನನಿತ್ಯದ ಪಾಡಾದಾಗ ಈ ಏರಿಳಿತದ ಲಯ ಕೆಡುತ್ತದೆ.

ಇಲ್ಲಿ ನಮ್ಮ ಭಾಷೆಯ ಕಡೆಗೂ ಸ್ವಲ್ಪ ತಿರುಗಬೇಕು. ಭಯದ ವಿಷಯದಲ್ಲಿ ಕನ್ನಡ ಬಡವಾದ ಭಾಷೆಯಲ್ಲ. ಹುಲಿ ಎದುರಿಗೆ ನಿಂತಾಗ ಆಗುವುದು ಹೆದರಿಕೆ; ಹುಲಿ ಬಂದೀತೆಂದು ಒಳಗೊಳಗೇ ಬೇಯುವುದು ಕಳವಳ. ಗಾಬರಿ ಥಟ್ಟನೆ ಬಂದು ಹೋಗುತ್ತದೆ, ದಿಗಿಲು ಎದೆಯ ಮೇಲೆ ಕೂರುತ್ತದೆ, ತಳಮಳ ಹೊಟ್ಟೆಯೊಳಗೆ ನಡೆಯುತ್ತದೆ, ಅಳುಕು ಇಟ್ಟ ಹೆಜ್ಜೆಯನ್ನು ಹಿಂದಕ್ಕೆಳೆಯುತ್ತದೆ. ಇಂದಿನ ವೈದ್ಯಬರಹ ‘ಆತಂಕ’ವನ್ನು ಆರಿಸಿಕೊಂಡಿದೆ. ಭರತನ ವಿಂಗಡಣೆ ಇನ್ನೂ ಸೂಕ್ಷ್ಮವಾದದ್ದು. ಅವನ ಎಂಟು ಸ್ಥಾಯಿಭಾವಗಳಲ್ಲಿ ಭಯ ಒಂದು. ಆದರೆ ಶಂಕೆ, ತ್ರಾಸ, ಚಿಂತೆ ಇವುಗಳನ್ನು ಅವನು ಅಲ್ಲಿಗೆ ಸೇರಿಸಲಿಲ್ಲ. ಮೂವತ್ತಮೂರು ಸಂಚಾರಿಭಾವಗಳ ಪಟ್ಟಿಯಲ್ಲಿ ಅವುಗಳಿಗೆ ಜಾಗ ಕೊಟ್ಟ. ಸಂಚಾರಿ ಎಂದರೆ ಬಂದು ಹೋಗತಕ್ಕದ್ದು. ಅಲೆಯಂತೆ ಎದ್ದು ಬೀಳತಕ್ಕದ್ದು. ನಾಟಕದಲ್ಲಿ ಚಿಂತೆ ಬರುತ್ತದೆ, ತನ್ನ ಪಾತ್ರವನ್ನು ಮುಗಿಸುತ್ತದೆ, ನಿರ್ಗಮಿಸುತ್ತದೆ.

ಕಳವಳದ ಕಾಯಿಲೆಯೆಂದು ವೈದ್ಯರು ಕರೆಯುವುದನ್ನು ನಾನು ಈ ಪರಿಭಾಷೆಯಲ್ಲಿ ಹೀಗೆ ಹೇಳುತ್ತೇನೆ: ಸಂಚಾರಿಯಾಗಿರಬೇಕಾದದ್ದು ಸ್ಥಾಯಿಯಾಗಿ ಕುಳಿತುಬಿಡುವುದು. ಅತಿಥಿ ಯಜಮಾನನಾಗುವುದು. ಇದು ರಂಗಭೂಮಿಯ ಶಾಸ್ತ್ರದಿಂದ ತಂದ ಹೋಲಿಕೆಯೇ ಹೊರತು ರೋಗನಿದಾನವಲ್ಲ. ಆದರೆ ಹೋಲಿಕೆಯಾಗಿ ಅದು ‘ಆನಂದ’ಕ್ಕಿಂತ ನಿಜಕ್ಕೆ ಹತ್ತಿರವಾಗಿದೆ. ಏಕೆಂದರೆ ಕಳವಳದಿಂದ ನರಳುವವನಿಗೆ ಇರುವ ಕೊರತೆ ಸಂತೋಷದ ಕೊರತೆಯಾಗಿರಬೇಕಿಲ್ಲ. ಮಗಳ ಮದುವೆಯ ಸಂಭ್ರಮದಲ್ಲಿ ಮನಸಾರ ನಗುತ್ತಿರುವ ತಂದೆಯ ಎದೆಯೊಳಗೂ ಢವಗುಟ್ಟುವಿಕೆ ನಿಲ್ಲದಿರಬಹುದು. ಅವನಿಗೆ ಆನಂದವಿದೆ, ಬೇಕಾದದ್ದು ಬೇರೆ.

ಆ ‘ಬೇರೆ’ ಯಾವುದೆಂಬುದನ್ನು ೨೦೦೨ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಜೊವಾನಿ ಮಾರ್ಸಿಕಾನೊ, ಬೀಟ್ ಲುಟ್ಸ್ ಮೊದಲಾದವರು ನಡೆಸಿದ್ದು ಅದು. ಇಲಿಗಳಿಗೆ ಒಂದು ಸ್ವರವನ್ನು ಕೇಳಿಸಿ ಅದರೊಡನೆಯೇ ಕಾಲಿಗೆ ವಿದ್ಯುತ್ತಿನ ಚುರುಕು ಮುಟ್ಟಿಸಿದರು. ಆಮೇಲೆ ಸ್ವರ ಕೇಳಿದರೆ ಸಾಕು, ಇಲಿಗಳು ನಿಂತಲ್ಲೇ ಮರಗಟ್ಟುತ್ತಿದ್ದವು. ಮುಂದೆ ಚುರುಕು ಮುಟ್ಟಿಸದೆ ಬರಿಯ ಸ್ವರವನ್ನೇ ಮತ್ತೆ ಮತ್ತೆ ಕೇಳಿಸಿದರು. ಸಾಮಾನ್ಯ ಇಲಿಗಳು ಮೆಲ್ಲಮೆಲ್ಲನೆ ಭಯವನ್ನು ಬಿಟ್ಟವು. ಆ ಗ್ರಾಹಕವಿಲ್ಲದಂತೆ ಬೆಳೆಸಿದ ಇಲಿಗಳು ಬಿಡಲಿಲ್ಲ. ಗಮನಿಸತಕ್ಕ ಅಂಶವೆಂದರೆ, ಭಯವನ್ನು ಕಲಿಯುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಭಯವನ್ನು ಬಿಡುವುದರಲ್ಲಿ ಮಾತ್ರ ಇತ್ತು. ಸಾಮಾನ್ಯ ಇಲಿಗಳಲ್ಲಿ ಆ ಬಿಡುವ ಹೊತ್ತಿಗೆ ಅಮಿಗ್ಡಲದಲ್ಲಿ ಎರಡು ದ್ರವ್ಯಗಳೂ ಏರಿದ್ದವು. ಈ ಪ್ರಯೋಗದಲ್ಲಿ ಇಲಿಗಳಿಗೆ ಸುಖವೇನೂ ಆಗಲಿಲ್ಲ. ಒಂದು ದುಃಖ ಕೊನೆಗಂಡಿತು, ಅಷ್ಟೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಹಗ್ಗ-ಹಾವಿನ ಹಳೆಯ ದೃಷ್ಟಾಂತ. ಕತ್ತಲಲ್ಲಿ ಹಗ್ಗವನ್ನು ಹಾವೆಂದು ಬೆದರಿದವನಿಗೆ ದೀಪ ತಂದು ತೋರಿಸಿದರೆ ಭ್ರಾಂತಿ ಹೋಗುತ್ತದೆಂದು ಎಲ್ಲರೂ ಹೇಳುತ್ತಾರೆ. ವಿದ್ಯಾರಣ್ಯರ ಹೆಸರಿನಲ್ಲಿರುವ ‘ಪಂಚದಶಿ’ಯ ತೃಪ್ತಿದೀಪ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಹಗ್ಗವೆಂದು ತಿಳಿದ ಮೇಲೂ ಮೈನಡುಕ ಒಡನೆಯೇ ನಿಲ್ಲುವುದಿಲ್ಲ, ಮೆಲ್ಲಗೆ ಇಳಿಯುತ್ತದೆ. ಮಬ್ಬುಗತ್ತಲಲ್ಲಿ ಅದೇ ಹಗ್ಗ ಮತ್ತೆ ಹಾವಾಗಿ ಕಾಣಲೂಬಹುದು ಎಂಬ ಅಭಿಪ್ರಾಯ ಅಲ್ಲಿದೆ. ಮನಶ್ಶಾಸ್ತ್ರಜ್ಞರು ಇಂದು ಹೇಳುವುದೂ ಇದನ್ನೇ: ಭಯವನ್ನು ಬಿಡುವುದೆಂದರೆ ಅಳಿಸಿಹಾಕುವುದಲ್ಲ, ಅದರ ಮೇಲೆ ಹೊಸದನ್ನು ಕಲಿಯುವುದು, ಸ್ಥಳ ಸನ್ನಿವೇಶಗಳು ಬದಲಾದರೆ ಹಳೆಯ ಭಯ ಮರಳಬಹುದು. ಆ ನಡುಕ ಇಳಿಯುವುದನ್ನು ಹೇಳಲು ಅಲ್ಲಿ ಬಳಸಿರುವುದು ‘ಉಪಶಮ’ದ ಧಾತುವನ್ನು. ಶಾಂತರಸಕ್ಕೆ ಸ್ಥಾಯಿ ಯಾವುದೆಂಬ ಚರ್ಚೆಯಲ್ಲಿ ಕೆಲವು ಆಲಂಕಾರಿಕರು ಮುಂದಿಟ್ಟ ‘ಶಮ’ವೂ ಅದೇ ಧಾತುವಿನದು. ನಾವು ಹುಡುಕುತ್ತಿದ್ದ ಶಬ್ದ ಇದು. ಬೆಂಕಿ ಆರುವುದಕ್ಕೆ, ನೋವು ಇಳಿಯುವುದಕ್ಕೆ, ಜಗಳ ತಣ್ಣಗಾಗುವುದಕ್ಕೆ ನಾವು ಇಂದಿಗೂ ಹೇಳುವ ‘ಶಮನ’ ಇದರ ಒಡಹುಟ್ಟು.

ಇಷ್ಟು ಹೇಳಿದೊಡನೆ, ‘ಹಾಗಾದರೆ ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ತಿಳಿದಿತ್ತು’ ಎಂದು ಯಾರಾದರೂ ಎದೆಯುಬ್ಬಿಸಿಯಾರೆಂಬ ಶಂಕೆ ನನಗಿದೆ. ತಿಳಿದಿರಲಿಲ್ಲ. ವಿದ್ಯಾರಣ್ಯರ ಪ್ರಸಕ್ತಿ ಜೀವನ್ಮುಕ್ತನಿಗೂ ಪ್ರಾರಬ್ಧ ಏಕೆ ಉಳಿಯುತ್ತದೆಂಬುದು. ಭರತನ ಪ್ರಸಕ್ತಿ ರಂಗದ ಮೇಲಿನ ನಟನದು. ಗ್ರಾಹಕವಾಗಲಿ ಕಿಣ್ವವಾಗಲಿ ಅವರ ಕನಸಿನಲ್ಲೂ ಬಂದಿರಲಿಲ್ಲ. ಅವರು ಮನುಷ್ಯನನ್ನು ಚೆನ್ನಾಗಿ ನೋಡಿದ್ದರು. ನೋಡಿದ್ದನ್ನು ಸರಿಯಾದ ಶಬ್ದದಲ್ಲಿ ಹಿಡಿದಿದ್ದರು. ಅಷ್ಟೇ ಸಾಕಾದ ಹೆಮ್ಮೆ. ಜೆರೂಸಲೇಮಿನವರು ನಮ್ಮ ಕೋಶದಿಂದ ಶಬ್ದವನ್ನು ತೆಗೆದುಕೊಂಡಾಗ ಎರಡು ಪುಟ ಮುಂದೆ ತಿರುವಿದ್ದರೆ ಚೆನ್ನಾಗಿತ್ತು ಎಂಬುದಷ್ಟೇ ನನ್ನ ಮಾತು.

ಹೆಸರು ತಪ್ಪಿದರೆ ಆಗುವ ನಷ್ಟವೇನು? ಮೊದಲನೆಯದು, ಹೆಚ್ಚಿದಷ್ಟೂ ಒಳ್ಳೆಯದು ಎಂಬ ಭ್ರಮೆ. ಗಾಂಜಾದ ಟಿ.ಎಚ್.ಸಿ. ಅಲ್ಪ ಪ್ರಮಾಣದಲ್ಲಿ ಕಳವಳವನ್ನು ತಗ್ಗಿಸಬಹುದು. ಪ್ರಮಾಣ ಏರಿದರೆ ಅದೇ ಕಳವಳವನ್ನು ಕೆರಳಿಸುತ್ತದೆ, ಕೆಲವರಿಗೆ ಸಾವೇ ಬಂದಂಥ ಗಾಬರಿಯನ್ನು ತರುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ಒಳಗಿನ ದ್ರವ್ಯ ಬೇಕಾದ ಕಡೆ ಬೇಕಾದ ಕ್ಷಣದಲ್ಲಿ ‘ಮೆಲ್ಲಗೆ’ ಎನ್ನುತ್ತದೆ. ಹೊರಗಿನದು ಊರಿನ ಎಲ್ಲ ಬೀದಿಗಳಲ್ಲಿಯೂ ಒಂದೇ ಸಮನೆ ಡಂಗುರ ಹೊಡೆಸುತ್ತದೆ. ಉದ್ರೇಕಿಸುವ ಕೋಶಗಳ ಬಾಯಿಯನ್ನೂ ಮುಚ್ಚಿಸುತ್ತದೆ, ಅವನ್ನು ತಡೆಯುವ ಕೋಶಗಳ ಬಾಯಿಯನ್ನೂ ಮುಚ್ಚಿಸುತ್ತದೆ. ದಿನವೂ ಬಹಳವಾಗಿ ಸೇದುವವರ ಮಿದುಳಿನಲ್ಲಿ ಆ ಗ್ರಾಹಕಗಳೇ ಕಡಮೆಯಾಗುತ್ತವೆ. ಬಿಟ್ಟು ಕೆಲವು ವಾರಗಳಾದ ಮೇಲೆ ಮತ್ತೆ ಹೆಚ್ಚುತ್ತವೆ. ಬಿಟ್ಟ ಮೊದಲ ದಿನಗಳಲ್ಲಿ ಕಾಡುವ ಲಕ್ಷಣಗಳಲ್ಲಿ ಕಳವಳವೂ ನಿದ್ರಾಭಂಗವೂ ಸೇರಿವೆ. ಯಾವುದನ್ನು ಕಳೆದುಕೊಳ್ಳಲು ಹೋದರೋ ಅದನ್ನೇ ಬಡ್ಡಿಸಮೇತ ಪಡೆದಂತಾಯಿತು.

ಎರಡನೆಯ ನಷ್ಟ ವ್ಯಾಪಾರದ ಮೂಲಕ ಬರುತ್ತದೆ. ನನ್ನ ತರಗತಿಯ ಹುಡುಗಿಯೊಬ್ಬಳು ವಿಚಾರಗೋಷ್ಠಿಯಲ್ಲಿ ಪ್ರಬಂಧ ಓದಬೇಕಾಗಿತ್ತು. ನಾಲ್ಕು ಜನರೆದುರು ನಿಂತರೆ ದನಿ ಹೊರಡದ ಮಗು. ಗೋಷ್ಠಿಗೆ ವಾರವಿದೆ ಎನ್ನುವಾಗ ಒಂದು ಪುಟ್ಟ ಸೀಸೆಯನ್ನು ತಂದು ತೋರಿಸಿದಳು. ಸೆಣಬಿನಂಥ ಆ ಗಿಡದಿಂದಲೇ ತೆಗೆದ, ಆದರೆ ಅಮಲೇರಿಸದ ಸಿ.ಬಿ.ಡಿ. ಎಂಬ ಅಂಶದ ಎಣ್ಣೆ. ಅದು ದೇಹದ ಆನಂದಮೈಡನ್ನು ಹೆಚ್ಚಿಸುತ್ತದೆಂದು ಚೀಟಿ ಸಾರುತ್ತಿತ್ತು. “ಸರ್, ಇದರಲ್ಲಿ ಆನಂದ ಇದೆಯಂತೆ, ನಿಜವೇ?” ಎಂದಳು. “ಆನಂದ ಇಲ್ಲಮ್ಮ, ಎಣ್ಣೆ ಇದೆ” ಎಂದೆ. ಆ ಅಂಶದ ಬಗ್ಗೆ ಪ್ರಯೋಗಗಳು ನಡೆದಿಲ್ಲವೆಂದಲ್ಲ. ೨೦೧೧ರಲ್ಲಿ ಬ್ರೆಜಿಲಿನಲ್ಲಿ ಸಭಾಭಯವಿದ್ದ ೨೪ ಮಂದಿಯಲ್ಲಿ ಅರ್ಧ ಜನರಿಗೆ ಅದನ್ನು ಕೊಟ್ಟು ಭಾಷಣ ಮಾಡಿಸಿದಾಗ ಅವರ ಕಳವಳ ತಗ್ಗಿತ್ತು. ಕೊಟ್ಟ ಪ್ರಮಾಣ ೬೦೦ ಮಿಲಿಗ್ರಾಂ. ನಾಲಗೆಯ ಕೆಳಗೆ ಬಿಟ್ಟುಕೊಳ್ಳುವ ನಾಲ್ಕು ಹನಿಗೂ ಅದಕ್ಕೂ ಬಹಳ ದೂರ; ಹನ್ನೆರಡು ಮಂದಿಯ ಒಂದು ದಿನದ ಪ್ರಯೋಗಕ್ಕೂ ಪಕ್ವವಾದ ಚಿಕಿತ್ಸೆಗೂ ಇನ್ನೂ ದೂರ. ಹುಡುಗಿಯನ್ನು ಆಪ್ತಸಮಾಲೋಚಕರ ಬಳಿಗೆ ಕಳುಹಿಸಿ, ಆ ವಾರವೆಲ್ಲ ಮೊದಲು ಇಬ್ಬರ ಮುಂದೆ, ಆಮೇಲೆ ಐವರ ಮುಂದೆ, ಆಮೇಲೆ ಇಡೀ ತರಗತಿಯ ಮುಂದೆ ಓದಿಸಿದೆವು. ಗೋಷ್ಠಿಯ ದಿನ ಅವಳ ಕೈಯಲ್ಲಿದ್ದ ಹಾಳೆ ನಡುಗುತ್ತಿತ್ತು. ಮೂರನೆಯ ಪುಟಕ್ಕೆ ಬರುವಾಗ ದನಿ ನೆಲೆಗೆ ಬಂದಿತ್ತು.

ಮೂರನೆಯ ನಷ್ಟ ಔಷಧಶಾಸ್ತ್ರದ ಚರಿತ್ರೆಯಲ್ಲಿದೆ. ಈ ಗ್ರಾಹಕ ಹಸಿವನ್ನೂ ಹೆಚ್ಚಿಸುತ್ತದೆ. ಆದುದರಿಂದ ಅದನ್ನು ಮುಚ್ಚಿಬಿಟ್ಟರೆ ಬೊಜ್ಜು ಇಳಿಯುವುದೆಂದು ಲೆಕ್ಕ ಹಾಕಿ ‘ರಿಮೊನಬಂಟ್’ ಎಂಬ ಔಷಧವನ್ನು ತಯಾರಿಸಿದರು. ೨೦೦೬ರಲ್ಲಿ ಯುರೋಪಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ತೂಕವೇನೋ ಇಳಿಯಿತು. ಆದರೆ ಸೇವಿಸಿದವರಲ್ಲಿ ಕೆಲವರಿಗೆ ಖಿನ್ನತೆ, ಕಳವಳ, ಆತ್ಮಹತ್ಯೆಯ ಆಲೋಚನೆಗಳು ಬಂದವು. ೨೦೦೮ರ ಅಕ್ಟೋಬರಿನಲ್ಲಿ ಅಲ್ಲಿ ಮಾರಾಟ ನಿಂತಿತು. ೨೦೦೯ರಲ್ಲಿ ಭಾರತ ಸರ್ಕಾರವೂ ಅದನ್ನು ನಿಷೇಧಿಸಿತು. ಬೆಟ್ಟದ ಇಳಿಜಾರಿನಲ್ಲಿ ಓಡುವ ಗಾಡಿಗೆ ಅಂಕೆ ಎಷ್ಟು ಮುಖ್ಯವೆಂಬುದು ಅದನ್ನು ಕಿತ್ತ ಮೇಲೆ ತಿಳಿಯುತ್ತದೆ. ಆನಂದವನ್ನು ಕಡಮೆ ಮಾಡಿದ ಔಷಧ ಎಂದು ಇದನ್ನು ವರ್ಣಿಸಿದರೆ ಸಾಲದು. ಶಮನದ ದಾರಿಯನ್ನೇ ಮುಚ್ಚಿದ ಔಷಧ ಅದು.

ಇದಕ್ಕೆ ವಿರುದ್ಧವಾದ ದಾರಿಯೂ ಇದೆ: ಆನಂದಮೈಡನ್ನು ಒಡೆಯುವ ಕಿಣ್ವವನ್ನು ತಡೆದು ಅದು ಸ್ವಲ್ಪ ಹೆಚ್ಚು ಹೊತ್ತು ಉಳಿಯುವಂತೆ ಮಾಡುವುದು. ೨೦೦೩ರಲ್ಲಿ ಡೇನಿಯಲ್ ಪಿಯೊಮೆಲಿ ಮೊದಲಾದವರು ಇಲಿಗಳಲ್ಲಿ ಈ ಉಪಾಯದಿಂದ ಕಳವಳ ತಗ್ಗುವುದನ್ನು ತೋರಿಸಿದರು. ೨೦೨೦ರಲ್ಲಿ ಸ್ವೀಡನ್ನಿನಲ್ಲಿ ಆರೋಗ್ಯವಂತರಿಗೆ ಹತ್ತು ದಿನ ಅಂಥ ಔಷಧವನ್ನು ಕೊಟ್ಟಾಗ, ಭಯವನ್ನು ಬಿಡಲು ಕಲಿತದ್ದು ಮರುದಿನವೂ ಹೆಚ್ಚು ಚೆನ್ನಾಗಿ ನಿಂತಿತ್ತು. ಆದರೆ ಸಭಾಭಯದ ರೋಗಿಗಳ ಮೇಲೆ ನಡೆದು ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮುಖ್ಯ ಅಳತೆಯ ಪ್ರಕಾರ ಔಷಧಕ್ಕೂ ಬರಿಯ ಗುಳಿಗೆಗೂ ಸ್ಪಷ್ಟವಾದ ಅಂತರ ಕಾಣಲಿಲ್ಲ. ಅದಕ್ಕೂ ಮೊದಲು, ೨೦೧೬ರ ಜನವರಿಯಲ್ಲಿ, ಫ್ರಾನ್ಸಿನ ರೆನ್ ನಗರದಲ್ಲಿ ಇದೇ ವರ್ಗದ ಇನ್ನೊಂದು ಔಷಧದ ಪರೀಕ್ಷೆಯಲ್ಲಿ ಒಬ್ಬರು ತೀರಿಕೊಂಡರು, ಮತ್ತೆ ಕೆಲವರು ಆಸ್ಪತ್ರೆ ಸೇರಿದರು. ಆ ಒಂದು ಔಷಧ ಬೇರೆ ಕಿಣ್ವಗಳನ್ನೂ ಕೆಡಿಸುತ್ತಿತ್ತೆಂದು ಮುಂದೆ ತಿಳಿದುಬಂತು. ವರ್ಗವನ್ನೆಲ್ಲ ದೂರುವುದು ನ್ಯಾಯವಲ್ಲ. ಹೆಸರನ್ನು ನಂಬಿ ಓಡುವುದೂ ವಿವೇಕವಲ್ಲ.

ನಮಗೆ ನಿಜವಾಗಿಯೂ ‘ಆನಂದ’ ಹೆಚ್ಚಿದರೆ ಹೇಗಿರುತ್ತೇವೆ? ಸ್ಕಾಟ್ಲೆಂಡಿನ ಒಬ್ಬ ಮಹಿಳೆಯ ವಿಚಾರ ೨೦೧೯ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟಿನಿಂದಲೇ ಆಕೆಯಲ್ಲಿ ಆ ಕಿಣ್ವಕ್ಕೆ ಸಂಬಂಧಿಸಿದ ವಂಶವಾಹಿಯ ತುಣುಕೊಂದು ಇಲ್ಲ. ರಕ್ತದಲ್ಲಿ ಆನಂದಮೈಡ್ ಹೆಚ್ಚು. ಆಕೆಗೆ ನೋವು ತಿಳಿಯುವುದಿಲ್ಲ, ಕಳವಳ ಬಾಧಿಸುವುದಿಲ್ಲ. ಕೇಳಲು ಭಾಗ್ಯವೆನ್ನಿಸುತ್ತದೆ. ಆದರೆ ಮಾತಿನ ನಡುವೆ ಮರೆವು ಕಾಡುತ್ತದೆ. ಒಲೆಯಲ್ಲಿ ಕೈ ಸುಟ್ಟರೆ ಸುಟ್ಟ ವಾಸನೆ ಬಂದ ಮೇಲೆ ತಿಳಿಯುತ್ತದೆ. ನೋವೂ ಭಯವೂ ನಮ್ಮ ಶತ್ರುಗಳಲ್ಲ, ಬಾಗಿಲ ಕಾವಲಿನವರು. ಅವರು ಕೂಗಬೇಕು, ಕಳ್ಳ ಹೋದ ಮೇಲೆ ಕೂಗುವುದನ್ನು ನಿಲ್ಲಿಸಬೇಕು. ವ್ಯವಸ್ಥೆಯ ಹಿರಿಮೆ ಇರುವುದು ಆ ನಿಲ್ಲಿಸುವಿಕೆಯಲ್ಲಿ.

ಹೆಸರಿಟ್ಟವರ ಪರವಾಗಿ ಹೇಳಬೇಕಾದ ಮಾತೂ ಉಂಟು. ಮಿದುಳಿನ ನೋವುನಿವಾರಕಕ್ಕೆ ‘ಎಂಡಾರ್ಫಿನ್’ ಎಂದರೂ ಅದು ‘ಒಳಗಿನ ಮಾರ್ಫಿನ್’ ಎಂಬುದರ ಸಂಕ್ಷೇಪವೇ. ವಿಜ್ಞಾನದಲ್ಲಿ ಹೆಸರು ಗುರುತಿಗಾಗಿ, ವರ್ಣನೆಗಾಗಿ ಅಲ್ಲ. ಹುಡುಕುತ್ತಿದ್ದ ಕೀಲಿ ಕೈಗೆ ಸಿಕ್ಕಾಗ ಅವರಿಗಾದ ಸಂತೋಷವೇ ಆ ಹೆಸರಿನಲ್ಲಿ ಮೂಡಿದೆ ಎಂದು ನಾನು ಓದಿಕೊಳ್ಳುತ್ತೇನೆ. ಹಾಗೆ ಓದಿದರೆ ಅದು ಪದಾರ್ಥದ ಹೆಸರಲ್ಲ, ಕಂಡವರ ಹರ್ಷೋದ್ಗಾರ. ಕವಿಗೆ ಕೊಡುವ ಸ್ವಾತಂತ್ರ್ಯವನ್ನು ಅವರಿಗೂ ಕೊಡಬಹುದು. ಇನ್ನೊಂದು ವ್ಯಂಗ್ಯವನ್ನು ಮಾತ್ರ ಮರೆಯಬಾರದು. ಮಿದುಳಿನಲ್ಲಿ ಆನಂದಮೈಡಿಗಿಂತ ಎಷ್ಟೋ ಪಟ್ಟು ಹೇರಳವಾಗಿದ್ದು, ಆ ಹಿಮ್ಮುಖ ಸಂದೇಶದ ಕೆಲಸವನ್ನು ಬಹುಪಾಲು ಹೊರುವುದು, ಯಾರ ನಾಲಗೆಗೂ ಒಗ್ಗದ ಆ ಎರಡನೆಯ ದ್ರವ್ಯ. ಅದಕ್ಕೆ ಉಪನಿಷತ್ತಿನ ಹೆಸರಿಲ್ಲ, ಸೀಸೆಯ ಚೀಟಿಯಲ್ಲಿ ಜಾಗವೂ ಇಲ್ಲ. ದುಡಿಯುವವನು ಒಬ್ಬ, ಹಾರ ಹಾಕಿಸಿಕೊಳ್ಳುವವನು ಇನ್ನೊಬ್ಬ. ಲೋಕವ್ಯವಹಾರ ಮಿದುಳಿನೊಳಗೂ ನಡೆದಿದೆ.

ಹೆಸರನ್ನು ಬದಲಿಸಿ ‘ಶಮಮೈಡ್’ ಎಂದಿಡಬೇಕೆಂದು ನಾನು ಚಳವಳಿ ಹೂಡುವುದಿಲ್ಲ. ಅದು ನಾಲಗೆಗೂ ಹಿತವಲ್ಲ. ನನ್ನ ಪ್ರಾರ್ಥನೆ ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ. ‘ಆನಂದದ ಅಣು’, ‘ನಮ್ಮೊಳಗಿನ ಗಾಂಜಾ’ ಎಂಬ ಶೀರ್ಷಿಕೆಗಳು ಕೈಗೆ ಸುಲಭವಾಗಿ ಸಿಕ್ಕುತ್ತವೆ. ಆದರೆ ಅದನ್ನು ಓದುವವರಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು, ಎದೆಯ ಮೇಲೆ ಕೈಯಿಟ್ಟುಕೊಂಡು ಬೆಳಗನ್ನು ಕಾಯುವವರೂ ಇದ್ದಾರೆ. ನಿನ್ನಲ್ಲಿ ಆನಂದ ಕಡಮೆಯಾಗಿದೆ ಎಂದು ಅವರಿಗೆ ಹೇಳುವುದು ನಿಜವೂ ಅಲ್ಲ, ದಯೆಯೂ ಅಲ್ಲ. ಭಯ ಬರುವುದು ದೋಷವಲ್ಲ; ಬಂದದ್ದು ಹೋಗುವ ದಾರಿ ಸ್ವಲ್ಪ ಕಟ್ಟಿಕೊಂಡಿದೆ; ಅದನ್ನು ತೆರೆಯಲು ವೈದ್ಯರಿದ್ದಾರೆ, ಭಯವನ್ನು ಮೆಲ್ಲಮೆಲ್ಲನೆ ಎದುರಿಸಿ ಬಿಡಿಸುವ ಪರೀಕ್ಷಿತ ಕ್ರಮಗಳಿವೆ; ಹಗ್ಗವೆಂದು ತಿಳಿದ ಮೇಲೂ ಮೈ ಕೊಂಚ ಹೊತ್ತು ನಡುಗುತ್ತದೆ, ಅದು ಸಹಜ — ಇಷ್ಟನ್ನು ಹೇಳಿದರೆ ಸಾಕು. ಅವರಿಗೆ ಆನಂದವನ್ನು ಹಂಚಲು ನಾವು ಯಾರು? ಉಪಶಮದ ಸುದ್ದಿಯನ್ನಾದರೂ ಸರಿಯಾಗಿ ಮುಟ್ಟಿಸೋಣ.